ಯೋರುಂಡಜ್ಜನ ಸುಳ್ಳು ಕಸುಬು

ಫೋನು ಬಂದಾಗ ಅಜ್ಜನ ಬಾಯಿ ತುಂಬ ಒಣಮೀನು. ಬೆಣ್ಣೆ ಸವರಿದ ಒಣಮೀನು ಒಮ್ಮೆ ಬಾಯಿಗೆ ಹೋದರೆ, ಅದು ತನ್ನ ಪಾಡಿಗೆ ಮೆತ್ತಗಾಗುವವರೆಗೂ ಮನುಷ್ಯ ಮಾತಾಡುವ ಹಾಗಿಲ್ಲ. ಅದಕ್ಕೇ ಅಜ್ಜ ನನ್ನ ಕಡೆ ಕೈ ಬೀಸಿ, ನೀನೇ ಎತ್ತು, ಸ್ಪೀಕರ್ ಹಾಕು ಎಂದು ಸನ್ನೆ ಮಾಡಿದ.

“ನಮಸ್ಕಾರ. ಪಿಯಾನೋ ಶ್ರುತಿ ಮಾಡುವ ಯೋರುಂಡ್ ಅವರ ಮನೆಯಾ?”

ಹೆಂಗಸಿನ ದನಿ. ಒಂದೊಂದು ಪದವನ್ನೂ ತೊಳೆದು, ಒರೆಸಿ, ಸಾಲಾಗಿ ಜೋಡಿಸಿಟ್ಟ ಹಾಗಿತ್ತು. ನಮ್ಮ ಭಾಷೆಯನ್ನು ದೊಡ್ಡವಳಾದ ಮೇಲೆ ಕಲಿತವಳು ಎಂದು ಆಗಲೇ ಗೊತ್ತಾಯಿತು. ಅಜ್ಜ ಅಗಿಯುವುದನ್ನು ನಿಲ್ಲಿಸಿದ. ನಾನು ಸೋಫಾದ ದಿಂಬನ್ನು ಬಾಯಿಗೆ ತುರುಕಿಕೊಂಡೆ. ಇಲ್ಲದಿದ್ದರೆ ನನ್ನ ನಗುವಿಗೆ ಆ ಕಡೆಯವರ ಕಿವಿ ಹೋಗುತ್ತಿತ್ತು.

“ನಾನು ಯೋಲಾಂತಾ. ಮೀನು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತೀನಿ. ನನ್ನ ಪಿಯಾನೋ ಚೆನ್ನಾಗಿಲ್ಲ. ಶುಕ್ರವಾರದ ಒಳಗೆ ಚೆನ್ನಾಗಬೇಕು. ನೀವು ಬರ್ತೀರಾ? ದಯವಿಟ್ಟು.”

‘ತಾಯಿ, ಅದು ಬರೀ ತಮಾಷೆ’ ಎಂದಿದ್ದರೆ ಮುಗಿಯುತ್ತಿತ್ತು. ಊರಿನವರಾಗಿದ್ದರೆ ಹೇಳಬೇಕಾಗಿಯೂ ಇರಲಿಲ್ಲ. ನಮ್ಮ ದೇಶದ ಫೋನ್ ಪಟ್ಟಿ ಇಂಟರ್ನೆಟ್ಟಿನಲ್ಲಿದೆ, ಎಲ್ಲರೂ ಅದರಲ್ಲಿ ಮೊದಲ ಹೆಸರಿನಿಂದಲೇ ಇರುತ್ತಾರೆ. ಒಂದೇ ಹೆಸರಿನವರು ಹಿಂಡು ಹಿಂಡಾಗಿ ಇರುವುದರಿಂದ, ಗುರುತಿಗೆ ಇರಲಿ ಎಂದು ಪಕ್ಕದಲ್ಲಿ ಕಸುಬು. ಕಸುಬನ್ನು ಅವರವರೇ ಬರೆದುಕೊಳ್ಳುತ್ತಾರೆ, ನಿಜವೋ ಸುಳ್ಳೋ ಯಾರೂ ನೋಡುವುದಿಲ್ಲ. ಹಾಗೆ ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ? ನಮ್ಮ ಸೆಲ್‌ವೀಕ್ ಊರಿನಲ್ಲಿ ಸಿಂಹ ಪಳಗಿಸುವವನೊಬ್ಬನಿದ್ದಾನೆ, ಅವನನ್ನು ನೋಡಬೇಕಾದರೆ ಬ್ಯಾಂಕಿನ ಕಿಟಕಿಗೆ ಹೋಗಬೇಕು. ಆಸ್ಪತ್ರೆಯ ನರ್ಸ್ ತನ್ನ ಹೆಸರಿನ ಪಕ್ಕ ‘ಮೋಡ ತೊಳೆಯುವವಳು’ ಎಂದು ಹಾಕಿಕೊಂಡಿದ್ದಾಳೆ. ಪಾದ್ರಿಗಳು ‘ಗೋಲ್‌ಕೀಪರ್’. ಜೀವಮಾನವೆಲ್ಲ ಟ್ರಾಲರ್ ಹಡಗಿನಲ್ಲಿ ಬಲೆ ಎಳೆದ ನಮ್ಮಜ್ಜ, ಮಂಜು ಮುಸುಕಿದಾಗ ಊದುವ ಹಡಗಿನ ಕೊಂಬಿನಂಥ ಗಂಟಲಿನ ನಮ್ಮಜ್ಜ, ‘ಪಿಯಾನೋ ಶ್ರುತಿಗಾರ’.

“ನಾನು ಯಾರನ್ನೂ ಕೇಳಲಿಲ್ಲ,” ಎಂದಿತು ಫೋನು. ದನಿಯಲ್ಲಿ ಸಣ್ಣ ಹೆಮ್ಮೆ. “ನಾನೇ ಹುಡುಕಿದೆ. ಒಬ್ಬರೇ ಸಿಕ್ಕಿದ್ದು. ನೀವು.”

ಅಜ್ಜ ಒಣಮೀನನ್ನು ಇಡಿಯಾಗಿ ನುಂಗಿದ. ಕಣ್ಣಲ್ಲಿ ನೀರು ಬಂತು.

“ಬರ್ತೀನಮ್ಮ,” ಎಂದ. “ಎರಡು ಗಂಟೆಗೆ.”

ಫೋನಿಟ್ಟ ಮೇಲೆ ನಾನು ದಿಂಬು ತೆಗೆದೆ. “ಅಜ್ಜಾ! ತಲೆ ಕೆಟ್ಟಿದ್ಯಾ ನಿಂಗೆ?”

“ಫೋನಲ್ಲಿ ಹೆಂಗೆ ಹೇಳೋದು? ಪಾಪ, ಅಷ್ಟು ಕಷ್ಟಪಟ್ಟು ಮಾತಾಡ್ತಿದ್ಲು. ಹೋಗಿ ಮುಖ ನೋಡ್ಕೊಂಡು ಹೇಳ್ತೀನಿ.”

“ಏನಂತ ಹೇಳ್ತೀಯ?”

“ತಮಾಷೆ ಅಂತ. ಅವಳೂ ನಗ್ತಾಳೆ, ನಾವೂ ನಗ್ತೀವಿ, ಕಾಫಿ ಕುಡಿದು ಬರೋದು. ನೀನೂ ಬಾ ಹುಗ್ರೂನ್. ನೀನಿದ್ರೆ ನಗೋರು ಒಬ್ರು ಗ್ಯಾರಂಟಿ.”

ಯೋಲಾಂತಾ ಯಾರೆಂದು ನನಗೆ ನೆನಪಾಗಿತ್ತು. ಈ ಬೇಸಿಗೆ ರಜೆಯಲ್ಲಿ ಊರಿನ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಈ ಶುಕ್ರವಾರ ಬರುವ ಆಗಸ್ಟ್‌ನ ಸೂಪಿನ ಸಂಜೆಗೆ ಯಾರ್ಯಾರ ಮನೆಯಲ್ಲಿ ಯಾವ ಸೂಪು, ಯಾರು ಹಾಡುತ್ತಾರೆ, ಯಾರು ಅಕಾರ್ಡಿಯನ್ ಬಾರಿಸುತ್ತಾರೆ ಎಂದೆಲ್ಲ ಹಾಕುವವಳು ನಾನೇ. ಆ ಸಂಜೆ ಮನೆಬಾಗಿಲಿಗೆ ಪಂಜು ಸಿಕ್ಕಿಸಿದರೆ ಸಾಕು, ಊರಲ್ಲಿ ಯಾರು ಬೇಕಾದರೂ ಒಳಗೆ ಬಂದು ಸೂಪು ಕುಡಿಯಬಹುದು. ಹೋದ ವಾರ ಫ್ಯಾಕ್ಟರಿ ಗೇಟಿನಲ್ಲಿ ಚೀಟಿ ಹಂಚುತ್ತಿದ್ದಾಗ, ನೀಲಿ ಟೋಪಿ ಹಾಕಿದ್ದ, ಇದೇ ದನಿಯ ಹೆಂಗಸೊಬ್ಬಳು ನಿಂತು, ಊರಲ್ಲಿ ಏನಾದರೂ ಬೇಕಾದರೆ ಯಾರನ್ನು ಕೇಳಬೇಕು ಎಂದಿದ್ದಳು. ನಾನು ದೊಡ್ಡ ಮೇಧಾವಿಯ ಹಾಗೆ, “ಯಾರನ್ನೂ ಕೇಳ್ಬೇಡಿ, ಎಲ್ಲಾ ಆನ್‌ಲೈನ್ ಇದೆ,” ಎಂದಿದ್ದೆ.

*

ಯೋಲಾಂತಾಳ ಮನೆ ಫ್ಯಾಕ್ಟರಿಯ ಹಿಂದಿನ ಸಾಲಿನಲ್ಲಿತ್ತು. ನಾವು ಬಾಗಿಲಲ್ಲಿ ಶೂ ಬಿಚ್ಚಿದೆವು. ಅಜ್ಜನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು, ಅವನು ಅದನ್ನು ಇನ್ನೊಂದು ಕಾಲಿನ ಕೆಳಗೆ ಬಚ್ಚಿಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತ.

ಪಿಯಾನೋ ಕೋಣೆಯ ಅರ್ಧ ಜಾಗ ನುಂಗಿತ್ತು. ಗುಡ್ಡದಾಚೆಯ ಶಾಲೆ ಮುಚ್ಚಿದಾಗ ಬೇಡವೆಂದು ಬಿಟ್ಟದ್ದಂತೆ, ಫ್ಯಾಕ್ಟರಿಯ ಹುಡುಗರು ಮೀನಿನ ಲಾರಿಯಲ್ಲಿ ಹಾಕಿಕೊಂಡು ಬಂದು ಕೊಟ್ಟರಂತೆ. ಹತ್ತಿರ ಹೋದರೆ ಮೀನಿನ ವಾಸನೆ ಸಣ್ಣಗೆ ಬರುತ್ತಿತ್ತು.

“ಕೇಳಿ,” ಎಂದು ಯೋಲಾಂತಾ ಕೂತು ನುಡಿಸಿದಳು. ಬೆರಳುಗಳು ಕುದುರೆಮರಿಗಳ ಹಾಗೆ ಓಡಿದವು. ಆದರೆ ಸದ್ದು! ಅಡುಗೆಮನೆಯ ಕಪಾಟು ಮೆಟ್ಟಿಲ ಮೇಲಿಂದ ಉರುಳಿಬಿದ್ದ ಹಾಗೆ. ಅವಳು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಪೋಲೆಂಡಿನಲ್ಲಿ ನಾನು ಪಿಯಾನೋ ಟೀಚರ್ ಆಗಿದ್ದೆ. ಇಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ಸಂಗೀತ ಶಾಲೆಗೆ ಈಗ ಟೀಚರ್ ಬೇಕು. ಅಲ್ಲಿನ ಹೆಡ್‌ಮಾಸ್ಟರ್ ಬರ್ಗ್‌ಸ್ವೇನ್ ಅವರಿಗೆ ಪತ್ರ ಬರೆದೆ. ಅವರು ಅಂದರು, ಸೂಪಿನ ಸಂಜೆ ನಿಮ್ಮ ಮನೆಗೇ ಬರ್ತೀನಿ, ನುಡಿಸಿ, ಕೇಳ್ತೀನಿ ಅಂತ.” ಅವಳು ನನ್ನ ಕಡೆ ತಿರುಗಿದಳು. “ನಿಮ್ಮ ವೆಬ್‌ಸೈಟಿಗೆ ಬರೆದು ಕಳಿಸಿದ್ದೆ, ಅಲ್ವಾ? ‘ಬೀಟ್‌ರೂಟ್ ಸೂಪು ಮತ್ತು ಪಿಯಾನೋ.’ ಫ್ಯಾಕ್ಟರಿ ಕೆಲಸ ಈ ತಿಂಗಳಿಗೆ ಮುಗಿಯುತ್ತೆ. ಅವರು ಹೂಂ ಅಂದರೆ ಇಲ್ಲೇ ಇರ್ತೀನಿ. ಇಲ್ಲ ಅಂದರೆ ತಂಗಿ ಮನೆಗೆ, ಪೋಲೆಂಡಿಗೆ.”

“ಅಲ್ಲಿಗೆ ಹೋಗೋಕೆ ಇಷ್ಟ ಇಲ್ವಾ?” ಎಂದೆ.

“ತಂಗಿ ಒಳ್ಳೆಯವಳು. ಆದರೆ ನನಗೆ ಈ ಗುಡ್ಡ ಅಭ್ಯಾಸ ಆಗಿದೆ.”

ಈಗ ಹೇಳು ಎಂದು ನಾನು ಅಜ್ಜನ ಕಾಲು ತುಳಿದೆ. ಅಜ್ಜ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಯೋಲಾಂತಾ ಒಳಗಿನಿಂದ ಗಸಗಸೆಯ ಕೇಕು ತಂದಿಟ್ಟಳು, ಬಿಸಿ ಬಿಸಿ, ಮೇಲೆ ಸಕ್ಕರೆ. ಅಜ್ಜನ ಬಾಯಿ ತೆರೆದದ್ದು ಬೇರೆ ಕಾರಣಕ್ಕೆ ಮುಚ್ಚಿತು. ಎರಡು ತುಂಡು ತಿಂದ. ಆಮೇಲೆ ಎದ್ದು ಹೋಗಿ ಪಿಯಾನೋದ ಮುಚ್ಚಳ ಎತ್ತಿ, ಹಡಗಿನ ಎಂಜಿನ್ನಿಗೆ ಕಿವಿ ಕೊಡುವ ಹಾಗೆ ಕಿವಿ ಕೊಟ್ಟು, ಬೆರಳ ಗೆಣ್ಣಿನಿಂದ ಮರವನ್ನು ತಟ್ಟಿದ.

“ಹೂಂ,” ಎಂದ. “ತೇವ.”

ಯೋಲಾಂತಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

“ಸಾಮಾನು ಬೇಕು. ನಾಳೆ ತರ್ತೀನಿ.”

ಹೊರಗೆ ಬಂದು ಕಾರಿನ ಬಾಗಿಲು ಹಾಕಿದ್ದೇ ನಾನು ಶುರು ಮಾಡಿದೆ. “ತೇವ! ತೇವ ಅಂತೆ! ಹೇಳ್ತೀನಿ ಅಂದ್ಯಲ್ಲ?”

“ಕೇಕು ತಿಂದ ಬಾಯಲ್ಲಿ ಹೆಂಗೆ ಹೇಳೋದು ಮಗಳೇ?”

“ಹಂಗಾದ್ರೆ ಕೇಕು ತಿನ್ನೋಕೆ ಮುಂಚೆ ಹೇಳ್ಬೇಕಿತ್ತು!”

“ಮುಂಚೆ ಕೇಕಿನ ವಾಸನೆ ಇತ್ತು.”

ಅವನು ತಮಾಷೆ ಮಾಡುತ್ತಿರಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದ, ಇಂಗು ತಿಂದ ಮಂಗನ ಹಾಗೆ.

ಮನೆಗೆ ಬಂದು ನಾನು ಹುಡುಕಲು ಕೂತೆ. ಪಿಯಾನೋ ಶ್ರುತಿ ಎಂದು ಒತ್ತಿದರೆ ಇಡೀ ನಮ್ಮ ಭಾಗಕ್ಕೆ ಯೋರುಂಡ್ ಒಬ್ಬನೇ. ರಾಜಧಾನಿಯಲ್ಲಿ ಒಬ್ಬರು ಸಿಕ್ಕರು, ಅಕ್ಟೋಬರ್ ತನಕ ಪುರುಸೊತ್ತಿಲ್ಲ ಎಂದರು. ಇನ್ನೊಬ್ಬರಿಗೆ ಫೋನು ಮಾಡಿದರೆ ಹಿಂದೆ ಸಮುದ್ರದ ಅಲೆಯ ಸದ್ದು, ಸ್ಪೇನಿನಲ್ಲಿದ್ದೀನಿ, ಐಸ್‌ಕ್ರೀಮ್ ಕರಗುತ್ತಿದೆ ಎಂದು ಇಟ್ಟುಬಿಟ್ಟರು. ಮೂರನೆಯವನು ಪಟ್ಟಿಯಲ್ಲಿ ‘ವಾದ್ಯವೈದ್ಯ’. ಮಾತಾಡಿದರೆ ಹಲ್ಲಿನ ಡಾಕ್ಟರು.

“ನೀನೂ ನಿನ್ನ ಇಂಟರ್ನೆಟ್ಟೂ,” ಎಂದ ಅಜ್ಜ.

“ಅದನ್ನ ಸುಳ್ಳು ತುಂಬಿ ಹಾಳು ಮಾಡಿರೋರು ನಿಮ್ಮಂಥೋರು!”

  

*

ಬೆಳಿಗ್ಗೆ ಈಜುಕೊಳಕ್ಕೆ ಹೋದೆವು. ಅಲ್ಲಿನ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ಊರಿನ ಸುದ್ದಿಯೆಲ್ಲ ತಾನಾಗಿ ಬಂದು ಮೂಗಿಗೆ ತಾಗುತ್ತದೆ. ಮೇಲೆ ತುಂತುರು ಮಳೆ, ಕೆಳಗೆ ಬಿಸಿನೀರು. ಸಿಂಹ ಪಳಗಿಸುವ ಕೊಲ್ಬೇನ್ ಮತ್ತು ಮೋಡ ತೊಳೆಯುವ ಸ್ನ್ಯೋಲಾಗ್ ಆಗಲೇ ಬಂದು ಕೂತಿದ್ದರು.

“ಬಾರಪ್ಪ ಉಸ್ತಾದ್,” ಎಂದ ಕೊಲ್ಬೇನ್. “ಪಿಯಾನೋ ಹೆಂಗಿದೆ?”

ಅಜ್ಜ ನನ್ನ ಕಡೆ ನೋಡಿದ. ನಾನು ಹೇಳಿಲ್ಲ ಎಂದು ತಲೆ ಆಡಿಸಿದೆ.

“ಅವಳೇನೂ ಹೇಳಿಲ್ಲ. ನಿನ್ನ ಕಾರು ಅಲ್ಲಿ ನಿಂತಿತ್ತು, ಒಳಗೆ ಪಿಯಾನೋ ಇದೆ ಅಂತ ಲಾರಿ ಹುಡುಗ್ರು ಹೇಳಿದ್ರು. ಎರಡೂ ಸೇರಿಸಿದ್ರೆ ಲೆಕ್ಕ ಆಯ್ತಲ್ಲ. ಲೋ, ನನಗೂ ಹೋದ ವರ್ಷ ಒಬ್ಬ ಜರ್ಮನ್ ಹುಡುಗ ಬರೆದಿದ್ದ, ಸಿಂಹಕ್ಕೆ ಏನು ಊಟ ಹಾಕ್ತೀರ ಅಂತ.”

“ನೀನೇನಂದೆ?” ಎಂದಳು ಸ್ನ್ಯೋಲಾಗ್.

“ಕುರಿತಲೆ ಅಂದೆ.”

ಇಬ್ಬರೂ ನೀರು ಅಲುಗುವಷ್ಟು ನಕ್ಕರು. ಅಜ್ಜ ನಗಲಿಲ್ಲ. ಯೋಲಾಂತಾಳ ವಿಷಯ, ಬರ್ಗ್‌ಸ್ವೇನ್ ಬರುವ ವಿಷಯ, ಇಲ್ಲಿ ಉಳಿಯುವುದೋ ಪೋಲೆಂಡಿಗೆ ಹೋಗುವುದೋ ಎನ್ನುವ ವಿಷಯ, ಎಲ್ಲ ನಾನೇ ಹೇಳಿದೆ. ನಗು ತಣ್ಣಗಾಯಿತು.

“ಅದ್ಸರಿ,” ಎಂದಳು ಸ್ನ್ಯೋಲಾಗ್, “ಮಾಲ್‌ಫ್ರೀದುರ್‌ನ ಯಾಕೆ ಕರೀಲಿಲ್ಲ?”

ಅಜ್ಜ ಮೂಗಿನವರೆಗೆ ನೀರಿಗಿಳಿದ.

“ಯಾವ ಮಾಲ್‌ಫ್ರೀದುರ್?” ಎಂದೆ. “ಕಣಿವೇಲಿ ಕೋಳಿ ಸಾಕೋ ಅಜ್ಜಿನಾ? ಅವರಿಗೂ ಪಿಯಾನೋಗೂ ಏನು ಸಂಬಂಧ?”

“ಏನು ಸಂಬಂಧವಾ? ಈ ಸುತ್ತಿನ ಊರುಗಳ ಪಿಯಾನೋ ಎಲ್ಲಾ ಅವಳ ಕೈ ದಾಟಿ ಬಂದಿದ್ದು. ಚರ್ಚಿನ ಹಾಡಿನ ಮೇಳ ನಡೆಸ್ತಿದ್ದೋಳೂ ಅವಳೇ.”

“ಫೋನ್ ಪಟ್ಟೀಲಿ ಇಲ್ವಲ್ಲ!”

“ಇದಾಳಲ್ಲ. ‘ಕೋಳಿಗಳ ರಾಣಿ.’”

“ಅಯ್ಯೋ, ಪಿಯಾನೋ ಕೆಟ್ಟೋರು ಕೋಳಿ ಅಂತ ಹುಡುಕ್ತಾರಾ? ಗೊತ್ತಾಗೋದಾದ್ರೂ ಹೆಂಗೆ?”

ಕೊಲ್ಬೇನ್ ನನ್ನನ್ನು ಕನಿಕರದಿಂದ ನೋಡಿದ. “ಬೇಕಾದೋರಿಗೆ ಗೊತ್ತೇ ಇರತ್ತಲ್ಲ.”

ನಮ್ಮ ಊರಿನ ವೇದವಾಕ್ಯ ಇದು. ಯಾವ ಅಂಗಡಿಗೂ ಬೋರ್ಡಿಲ್ಲ, ಬೇಕಾದವರಿಗೆ ಗೊತ್ತಿರುತ್ತದೆ. ವೆಬ್‌ಸೈಟಿಗೆ ವಿಳಾಸ ಕೇಳಿದರೆ ‘ಗುನ್ನಾನ ಮನೆ’ ಎಂದು ಬರೆದು ಕಳಿಸುತ್ತಾರೆ, ಯಾವ ಗುನ್ನಾ ಎಂದರೆ ನಗುತ್ತಾರೆ.

“ಅವಳು ರಾಣಿ ಆಗಿದ್ದು ಯಾರಿಂದ ಅಂತ ನಿಮ್ಮಜ್ಜನ್ನ ಕೇಳು,” ಎಂದಳು ಸ್ನ್ಯೋಲಾಗ್.

ಕೇಳಬೇಕಾಗಿ ಬರಲಿಲ್ಲ. ಅಜ್ಜ ನೀರಿನಿಂದ ಮೇಲೆ ಬಂದ, ಮುಖ ಬೇಯಿಸಿದ ಸಿಗಡಿಯ ಹಾಗೆ ಕೆಂಪು.

“ಇಡೀ ಮೇಳದ ಎದುರಿಗೆ ಅಂದಳು ಕಣೇ. ‘ಯೋರುಂಡ್, ನೀನು ಹಿಂದೆ ನಿಂತ್ಕೊ, ಬಾಯಿ ಮಾತ್ರ ತೆಗಿ, ದನಿ ಬೇಡ’ ಅಂತ. ನಿಮ್ಮಜ್ಜಿ ಮುಂದಿನ ಸಾಲಲ್ಲೇ ಇದ್ದಳು. ನಾನು ಬಿಡ್ತೀನಾ? ಮನೆಗೆ ಹೋಗಿ ಪಟ್ಟೀಲಿ ಅವಳ ಕಸುಬನ್ನೇ ನನ್ನ ಹೆಸರಿಗೆ ಹಾಕ್ಕೊಂಡೆ. ಅವಳು ನೋಡಿ ಏನಂದಳು ಗೊತ್ತಾ? ‘ಇವನು ಪಿಯಾನೋ ಶ್ರುತಿಗಾರ ಆದ್ರೆ ನಾನು ಕೋಳಿಗಳ ರಾಣಿ.’ ಬರೆದೂ ಬಿಟ್ಟಳು.”

“ಆಮೇಲೆ?”

“ಆಮೇಲೇನು. ಅವಳು ರಾಣಿ, ನಾನು ಶ್ರುತಿಗಾರ. ಮಾತಿಲ್ಲ.”

“ಮೊಟ್ಟೇನೂ ಇಲ್ಲ,” ಎಂದ ಕೊಲ್ಬೇನ್. “ಆವತ್ತಿಂದ ಇವನು ಅಂಗಡಿ ಮೊಟ್ಟೇನೇ ತಿನ್ನೋದು.”

ನಾನು ತೊಟ್ಟಿಯಿಂದ ಎದ್ದೆ. “ಏಳು ಅಜ್ಜ. ರಾಣಿ ಅರಮನೆಗೆ ಹೋಗೋಣ.”

*

ಮಾಲ್‌ಫ್ರೀದುರ್ ಕೋಳಿಗೂಡಿನ ಮುಂದೆ ರಬ್ಬರ್ ಬೂಟು ಹಾಕಿಕೊಂಡು ಬಕೆಟ್ ಹಿಡಿದಿದ್ದರು. ಅಜ್ಜನ ಕೆಮ್ಮು ಕೇಳಿದರೂ ತಿರುಗಲಿಲ್ಲ.

“ಯಾರದು? ಪಿಯಾನೋ ಉಸ್ತಾದ್ರಾ?”

“ಹೂಂ,” ಎಂದ ಅಜ್ಜ.

“ಏನು, ಮೊಟ್ಟೆ ಶ್ರುತಿ ತಪ್ಪಿದ್ಯಾ?”

ನಾನು ನಗಬಾರದೆಂದು ಕೋಳಿಗಳನ್ನು ಎಣಿಸುವ ಹಾಗೆ ನಟಿಸಿದೆ. ಅಜ್ಜ ಟೋಪಿ ತೆಗೆದ. ನಮ್ಮಜ್ಜಿಯ ಸಮಾಧಿಯ ಹತ್ತಿರ ಬಿಟ್ಟರೆ ಅವನು ಗೌರವಕ್ಕೆಂದು ಟೋಪಿ ತೆಗೆದದ್ದನ್ನು ನಾನು ಕಂಡಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಫೋನು, ಕೇಕು, ತೇವ ಎಂದದ್ದು, ಬರ್ಗ್‌ಸ್ವೇನ್, ಪೋಲೆಂಡು. ಕೋಳಿಗಳು ಅವನ ಬೂಟಿನ ದಾರ ಕುಕ್ಕುತ್ತಿದ್ದವು, ಅವನು ಕಾಲು ಎಳೆದುಕೊಳ್ಳಲಿಲ್ಲ.

“ಅವಳ ಮುಂದೆ ನಿಂತು ‘ತೇವ’ ಅಂದ್ಯಾ?”

“ಅಂದೆ.”

“ಹೆಡ್ಡ ಕಣೋ ನೀನು.”

“ಹೌದು.”

ಮಾಲ್‌ಫ್ರೀದುರ್ ಬಕೆಟ್ ಕೆಳಗಿಟ್ಟರು. “ಬರ್ತೀನಿ. ಆದ್ರೆ ನಾನು ಕಾರಲ್ಲೇ ಕೂತಿರ್ತೀನಿ. ನೀನು ಒಳಗೆ ಹೋಗಿ ನೀನು ಯಾರು ಅಂತ ಹೇಳು. ನಿನ್ನ ಸುಳ್ಳಿನ ಹಿಂದೆ ಸಾಮಾನು ಹೊತ್ಕೊಂಡು ಬರೋಕೆ ನಾನು ನಿನ್ನ ಕೂಲಿಯಲ್ಲ.”

“ನೀನೂ ಹೇಳ್ಬೇಕಿತ್ತು,” ಎಂದ ಅಜ್ಜ ಮೆಲ್ಲಗೆ. “ನೀನು ನಿನ್ನ ಕಸುಬು ಅಲ್ಲೇ ಬಿಟ್ಟಿದ್ರೆ ಅವಳು ನಿನಗೇ ಫೋನ್ ಮಾಡ್ತಿದ್ದಳು.”

ಮಾಲ್‌ಫ್ರೀದುರ್ ಬೂಟಿನ ತುದಿಯಿಂದ ಕೋಳಿಯೊಂದನ್ನು ಪಕ್ಕಕ್ಕೆ ಸರಿಸಿದರು. ನಿಜದ ಮುಳ್ಳು ತಾಗಿತ್ತು. “ಬೇಕಾದೋರಿಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ,” ಎಂದು ಒಳಗೆ ಹೋಗಿ ಚರ್ಮದ ಹಳೆಯ ಚೀಲ ತಂದರು.

*

ಯೋಲಾಂತಾ ಬಾಗಿಲು ತೆರೆದು ಅಜ್ಜನ ಬರಿಗೈ ನೋಡಿದಳು. “ಸಾಮಾನು?”

“ಮೊದಲು ಒಂದು ಮಾತಿದೆ. ಕೇಕು ತರಬೇಡಿ.”

ಅಜ್ಜ ನಿಂತೇ ಹೇಳಿದ. ಈ ಸಲ ಕಾಲುಚೀಲದ ಹೆಬ್ಬೆರಳನ್ನೂ ಬಚ್ಚಿಡಲಿಲ್ಲ. ನಾನು ಮೀನುಗಾರ, ಪಿಯಾನೋ ನನಗೆ ಗೊತ್ತಿಲ್ಲ, ಪಟ್ಟಿಯಲ್ಲಿರುವುದು ತಮಾಷೆ, ಇಲ್ಲಿ ಎಲ್ಲರೂ ಹಾಗೆ ಬರೀತಾರೆ. ಯೋಲಾಂತಾಳ ಮುಖದಲ್ಲಿ ಮಾತುಗಳು ಒಂದೊಂದಾಗಿ ಇಳಿಯುವುದು ಕಾಣುತ್ತಿತ್ತು.

“ನಾನು ಮಾತುಗಳನ್ನ ಬರೆದು, ಕನ್ನಡಿ ಮುಂದೆ ಹೇಳಿ, ಆಮೇಲೆ ಫೋನ್ ಮಾಡಿದೆ,” ಎಂದಳು. “ಇಲ್ಲಿ ನನ್ನ ಮೊದಲನೇ ಫೋನ್ ಅದು. ನೀವು ಆಗ ನಗ್ತಿದ್ರಾ?”

“ನಾನು ನಗಲಿಲ್ಲ. ನನ್ನ ಬಾಯಲ್ಲಿ ಒಣಮೀನಿತ್ತು.”

“ನಾನು ನಕ್ಕೆ,” ಎಂದೆ. ಕಿವಿ ಬಿಸಿಯಾಯಿತು. “ಕ್ಷಮಿಸಿ.”

ಅವಳು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

“ಹುಗ್ರೂನ್, ವೆಬ್‌ಸೈಟಿಂದ ನನ್ನ ಮನೆ ತೆಗೀರಿ. ಶುಕ್ರವಾರ ಬೇಡ. ಎಲ್ಲರಿಗೂ ಗೊತ್ತಿರೋದು ನನಗೊಬ್ಬಳಿಗೇ ಗೊತ್ತಿಲ್ಲ ಅಂದಮೇಲೆ ನಾನು ಇಲ್ಲಿ ಯಾರಿಗೆ ಏನು ಕಲಿಸಲಿ?”

ಅಜ್ಜ ಬಾಯಿ ತೆರೆದ, ದನಿ ಬರಲಿಲ್ಲ. ಮೇಳದಲ್ಲಿ ಹಿಂದಿನ ಸಾಲಿನಲ್ಲಿ ಹೇಗೆ ನಿಂತಿರುತ್ತಿದ್ದನೆಂದು ನನಗೆ ಆಗ ಕಣ್ಣಿಗೆ ಕಟ್ಟಿತು.

ಕಾರಿನ ಹಾರ್ನ್ ಒಂದು ಸಲ ಕೂಗಿತು. ಆಮೇಲೆ ಬಾಗಿಲು ತಾನಾಗಿ ತೆರೆದುಕೊಂಡಿತು. ಮಾಲ್‌ಫ್ರೀದುರ್ ಹೊಸ್ತಿಲಲ್ಲಿ ಬೂಟು ಕಿತ್ತೆಸೆದು, ಚೀಲ ಹಿಡಿದು, ಯಾರನ್ನೂ ಕೇಳದೆ ಒಳಗೆ ಬಂದರು.

“ಇವರು ಯಾರು?” ಎಂದಳು ಯೋಲಾಂತಾ.

“ಕೋಳಿಗಳ ರಾಣಿ,” ಎಂದುಬಿಟ್ಟೆ. ನನ್ನ ಬಾಯಿಗಿಷ್ಟು!

“ಇದೂ ತಮಾಷೆನಾ?”

ಮಾಲ್‌ಫ್ರೀದುರ್ ಪಿಯಾನೋದ ಮುಂದೆ ಕೂತು ಬಿಳಿ ಪಟ್ಟಿಗಳ ನಡುವೆ ಒಂದು ಸ್ವರದ ಮನೆಯನ್ನು ಒತ್ತಿದರು. ಒಂದೇ ಒಂದು. ಅದರ ದನಿ ಕೋಣೆಯಲ್ಲಿ ಕುಂಟುತ್ತ ಸುತ್ತಿತು. ಇಬ್ಬರು ಹೆಂಗಸರ ಮುಖವೂ ಒಂದೇ ಸಲ ಹುಳಿ ತಿಂದ ಹಾಗಾಯಿತು. ಮಾಲ್‌ಫ್ರೀದುರ್ ಅದನ್ನು ನೋಡಿದರು. ಮತ್ತೊಂದು ಮನೆ ಒತ್ತಿದರು. ಮತ್ತೆ ಇಬ್ಬರೂ ಒಟ್ಟಿಗೇ ಹಲ್ಲು ಕಚ್ಚಿದರು. ನನಗೂ ಅಜ್ಜನಿಗೂ ಎರಡೂ ಒಂದೇ ತರ ಕೇಳಿಸಿದ್ದವು.

“ಇದಕ್ಕಿಂತ ಮೇಲಿಂದು ಇನ್ನೂ ಕೆಟ್ಟದಾಗಿದೆ,” ಎಂದಳು ಯೋಲಾಂತಾ ನಿಧಾನವಾಗಿ.

“ಗೊತ್ತು. ಲಾರಿಲಿ ನಿಲ್ಲಿಸಿ ತಂದ್ರೋ ಮಲಗಿಸಿ ತಂದ್ರೋ?”

“ಮಲಗಿಸಿ.”

“ಕತ್ತೆಗಳು. ಬಾ, ಕೂತ್ಕೊ ಇಲ್ಲಿ. ನಿನ್ನ ಕಿವಿ ಬೇಕು ನನಗೆ. ಯೋರುಂಡ್!”

“ಹಾಂ?”

“ಇಲ್ಲಿ ಬಾ. ನಾನು ಹೇಳಿದ ಮನೆ ಒತ್ತು. ನಿಲ್ಲು ಅನ್ನೋವರೆಗೂ ಒತ್ತು. ಬಾಯಿ ತೆಗೀಬೇಡ.”

ಎರಡು ದಿನ ಹಿಡಿಯಿತು. ಒಂದು ತಂತಿ ಟಪ್ಪೆಂದು ಹರಿದಾಗ ಅಜ್ಜ ಮೇಜಿನ ಕೆಳಗೆ ಹೋಗಿದ್ದ. ಮಾಲ್‌ಫ್ರೀದುರ್ ತಂತಿ ಬಿಗಿಸುವ ಕೀಲಿ ತಿರುಗಿಸುವುದು, ಯೋಲಾಂತಾ ಕಣ್ಣುಮುಚ್ಚಿ ಕೇಳಿ ಕೈ ಸ್ವಲ್ಪ ಮೇಲೆ ಸ್ವಲ್ಪ ಕೆಳಗೆ ಮಾಡುವುದು, ಅಜ್ಜ ಬಲೆ ಎಳೆದು ಬಲಿತ ತೋರುಬೆರಳಿನಿಂದ ಒಂದೊಂದೇ ಮನೆಯನ್ನು ಒತ್ತುವುದು. ಮಧ್ಯೆ ನಾನು ಕಾಫಿ. ಮೊದಲ ದಿನದ ಕೊನೆಗೆ ಯೋಲಾಂತಾ ಒಳಗೆ ಹೋಗಿ ಉಳಿದ ಗಸಗಸೆ ಕೇಕನ್ನು ತಂದು ಅಜ್ಜನ ಮುಂದಿಟ್ಟಳು. ಅಜ್ಜ ಕೊನೆಯ ಚೂರಿನವರೆಗೂ ತಿಂದ. ವೆಬ್‌ಸೈಟಿನಿಂದ ಅವಳ ಮನೆಯನ್ನು ತೆಗೆಯಲೋ ಬಿಡಲೋ ಎಂದು ನಾನು ಕೇಳಲಿಲ್ಲ, ಅವಳೂ ಮತ್ತೆ ಎತ್ತಲಿಲ್ಲ.

*

ಶುಕ್ರವಾರ ಸಂಜೆ ಬೀದಿಯುದ್ದಕ್ಕೂ ಪಂಜುಗಳು. ಯೋಲಾಂತಾಳ ಬಾಗಿಲ ಪಂಜನ್ನು ಅಜ್ಜನೇ ನೆಟ್ಟಿದ್ದ. ಅವಳು ದೊಡ್ಡ ಪಾತ್ರೆಯ ಮುಂದೆ ನಿಂತು ಕೆಂಪು ಸೂಪನ್ನು ಕಲಕುತ್ತಲೇ ಇದ್ದಳು.

“ಯಾರೂ ಬರಲ್ಲ,” ಎಂದಳು.

“ಬರ್ತಾರೆ,” ಎಂದೆ. “ವೆಬ್‌ಸೈಟಲ್ಲಿ ಹಾಕಿದ್ದೀನಿ.”

ಬಂದರು. ಹೊಸ್ತಿಲಲ್ಲಿ ಶೂಗಳು ರಾಶಿ ಬಿದ್ದು ಬಾಗಿಲು ಮುಚ್ಚಲಾಗಲಿಲ್ಲ. ವೆಬ್‌ಸೈಟ್ ನೋಡಿ ಬಂದ್ರಾ ಎಂದು ಒಬ್ಬೊಬ್ಬರನ್ನೂ ಕೇಳಿದೆ. “ಇಲ್ಲಪ್ಪ, ಬಿಸಿನೀರಿನ ತೊಟ್ಟೀಲಿ ಗೊತ್ತಾಯ್ತು.” “ಮಾಲ್‌ಫ್ರೀದುರ್ ಮೊಟ್ಟೆ ಕೊಡುವಾಗ ಅಂದಳು.” “ಯೋರುಂಡ್ ಮನೆಮನೆಗೂ ಬಂದು ಹೇಳಿ ಹೋದನಲ್ಲ.” ನಾನು ಸೋತೆ. ಬರ್ಗ್‌ಸ್ವೇನ್ ಒಬ್ಬರು ಮಾತ್ರ, “ಹಾಂ, ವೆಬ್‌ಸೈಟಲ್ಲಿ ಸಮಯ ನೋಡ್ದೆ,” ಎಂದರು. ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಅವರು ಉದ್ದನೆಯ ತೆಳ್ಳನೆಯ ಮನುಷ್ಯ, ಬಟ್ಟಲು ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

ಯೋಲಾಂತಾ ಕೂತಳು. ಮೊದಲು ಅವಳ ಊರಿನ ಎರಡು ತುಂಡು ಸಂಗೀತ ನುಡಿಸಿದಳು. ಕಪಾಟು ಉರುಳಿದ ಸದ್ದಲ್ಲ ಅದು. ನೀರು ಕಲ್ಲುಗಳ ಮೇಲೆ ದಾರಿ ಮಾಡಿಕೊಂಡು ಇಳಿಯುವ ಹಾಗೆ. ಜನ ಚಮಚ ಕೆಳಗಿಟ್ಟರು. ಬರ್ಗ್‌ಸ್ವೇನ್ ಮಾತ್ರ ಸೂಪು ಕುಡಿಯುತ್ತಲೇ ಇದ್ದರು. ಅಜ್ಜ ನನ್ನ ತೋಳನ್ನು ಹಿಂಡಿ ಹಿಂಡಿ ನೀಲಿಗಟ್ಟಿಸಿದ.

ಆಮೇಲೆ ಅವಳು ಒಂದು ಗಳಿಗೆ ಕೈ ತಡೆದು, ನಮ್ಮೂರ ಹಾಡು ಶುರು ಮಾಡಿದಳು. ಸೆಲ್‌ವೀಕ್‌ನ ಹಾಡು, ದೋಣಿಗಳು ಮನೆಗೆ ಬರುವ ಹಾಡು, ನಮ್ಮನ್ನು ಬಿಟ್ಟು ಪ್ರಪಂಚದಲ್ಲಿ ಯಾರಿಗೂ ಬೇಕಾಗಿಲ್ಲದ ಹಾಡು. ಇವಳಿಗೆ ಎಲ್ಲಿ ಸಿಕ್ಕಿತು? ಆಗ ಹೊಳೆಯಿತು. ಚರ್ಚಿನ ಮೇಳದ ಹಳೆಯ ಧ್ವನಿಮುದ್ರಣವೊಂದನ್ನು ನಾನೇ ವೆಬ್‌ಸೈಟಿನ ಮೂಲೆಯಲ್ಲಿ ಹಾಕಿದ್ದೆ. ಯಾರೂ ಕೇಳಿಲ್ಲ ಎಂದುಕೊಂಡಿದ್ದೆ. ಅವಳು ಕೇಳಿ ಕೇಳಿ ಕಿವಿಯಿಂದಲೇ ಕಲಿತಿದ್ದಳು.

ಮೊದಲು ಸ್ನ್ಯೋಲಾಗ್ ಹಾಡಿದಳು, ಆಮೇಲೆ ಕೊಲ್ಬೇನ್, ಆಮೇಲೆ ಎಲ್ಲರೂ. ಅಜ್ಜ ನನ್ನ ಪಕ್ಕ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ, ನೀರಿನಿಂದ ಎತ್ತಿದ ಮೀನಿನ ಹಾಗೆ, ಸದ್ದಿಲ್ಲದೆ. ಪಿಯಾನೋದ ಪಕ್ಕ ನಿಂತಿದ್ದ ಮಾಲ್‌ಫ್ರೀದುರ್ ಅದನ್ನು ಕಂಡರು.

“ಯೋರುಂಡ್!” ಎಂದು ಹಾಡಿನ ಮೇಲೆಯೇ ಕೂಗಿದರು. “ಹಾಡೋ ಮಾರಾಯ! ಪಿಯಾನೋ ಗಟ್ಟಿಯಾಗಿದೆ, ತಡ್ಕೊಳತ್ತೆ!”

ಅಜ್ಜ ಹಾಡಿದ. ಹೊರಗೆ ಬಂದರಿನಲ್ಲಿ ಯಾರಾದರೂ ಇದ್ದಿದ್ದರೆ ಹಡಗು ಬಂತೆಂದು ಹಗ್ಗ ಹಿಡಿದು ಓಡಿ ಬರುತ್ತಿದ್ದರು. ಯೋಲಾಂತಾ ನುಡಿಸುತ್ತ ನುಡಿಸುತ್ತ ತಿರುಗಿ ಅವನನ್ನು ನೋಡಿದಳು. ಹುಳಿ ಮುಖ ಮಾಡಿದಳು, ಆಮೇಲೆ ನಕ್ಕುಬಿಟ್ಟಳು. ಫೋನಿನ ದಿನದಿಂದ ಅವಳು ಮೊದಲ ಸಲ ನಕ್ಕದ್ದು ಆಗಲೇ.

ಹಾಡು ಮುಗಿದಾಗ ಬರ್ಗ್‌ಸ್ವೇನ್ ಖಾಲಿ ಬಟ್ಟಲು ಹಿಡಿದು ಪಿಯಾನೋದ ಹತ್ತಿರ ಬಂದರು.

“ಮೂರು ಬಟ್ಟಲು ಕುಡಿದೆ,” ಎಂದರು. “ಈ ಬಣ್ಣ ಶರ್ಟಿಂದ ಹೋಗತ್ತಾ?”

“ಹೋಗಲ್ಲ,” ಎಂದಳು ಯೋಲಾಂತಾ.

“ಹಂಗಾದ್ರೆ ಸೋಮವಾರ ಇದೇ ಶರ್ಟ್ ಹಾಕ್ಕೊಂಡು ಶಾಲೇಲಿ ಕಾಯ್ತಿರ್ತೀನಿ. ಬನ್ನಿ, ಮಕ್ಕಳ ಸಮಯಪಟ್ಟಿ ಮಾಡೋಣ. ಆ ದನಿಯವರನ್ನ ಮಾತ್ರ ಕರ್ಕೊಂಡು ಬರಬೇಡಿ.”

ಕೂಗಾಟಕ್ಕೆ ಕಿಟಕಿಯ ಗಾಜು ನಡುಗಿತು. ಅಜ್ಜ ಟೋಪಿ ತೆಗೆದು ಮುಖ ಒರೆಸಿಕೊಂಡ, ಸೂಪಿನ ಹಬೆ ಎಂದ.

ಮಾರನೆಯ ದಿನ ಯೋಲಾಂತಾ ನನ್ನನ್ನು ಕರೆದು, ಫೋನ್ ಪಟ್ಟಿಯಲ್ಲಿ ತನ್ನ ಹೆಸರು ಸೇರಿಸುವುದು ಹೇಗೆಂದು ಕೇಳಿದಳು. ಅಜ್ಜನೂ ಅಲ್ಲೇ ಇದ್ದ, ಕೇಕಿನ ವಾಸನೆ ಹಿಡಿದು ಬಂದವನು. ಹೆಸರು ಬರೆದೆವು, ನಂಬರು ಬರೆದೆವು.

“ಕಸುಬು? ಪಿಯಾನೋ ಟೀಚರ್ ಅಂತ ಹಾಕ್ಲಾ?” ಎಂದೆ.

ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡು ತಾನೇ ಒತ್ತಿದಳು. ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ. ಆಮೇಲೆ ನಮಗೆ ತೋರಿಸಿದಳು.

‘ಬೀಟ್‌ರೂಟ್ ಚಕ್ರವರ್ತಿನಿ.’

“ಅಯ್ಯೋ,” ಎಂದ ಅಜ್ಜ ಖುಷಿಯಿಂದ, “ರಾಣಿಗಿಂತ ಚಕ್ರವರ್ತಿನಿ ಮೇಲು. ಮಾಲ್‌ಫ್ರೀದುರ್ ನಿನ್ನ ಸುಮ್ನೆ ಬಿಡಲ್ಲ.”

“ಅಲ್ಲ ಯೋಲಾಂತಾ,” ಎಂದೆ, “ಮಕ್ಕಳಿಗೆ ಪಿಯಾನೋ ಪಾಠ ಬೇಕು ಅಂತ ಯಾರಾದ್ರೂ ಹುಡುಕಿದ್ರೆ ನೀವು ಸಿಗೋದು ಹೆಂಗೆ?”

ಅವಳು ಕೇಕು ಕೊಯ್ಯುತ್ತಿದ್ದಳು. ತಲೆ ಎತ್ತಲೂ ಇಲ್ಲ.

“ಬೇಕಾದವರಿಗೆ ಗೊತ್ತೇ ಇರುತ್ತಲ್ಲ,” ಎಂದಳು.